ಯಾರೂ ರೂಲ್ ಮುರಿಯದೆ ಆಟ ಕೆಡುವುದು ಹೇಗೆ: ರೋಲ್‌ಪ್ಲೇ ಸರ್ವರ್ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಸರ್ವರ್ ನಡೆಸುವ ಅಡ್ಮಿನ್‌ಗಳೇ, ಮಾಡರೇಟರ್‌ಗಳೇ, ಯಾರನ್ನು ಆಟದೊಳಗೆ ಬಿಡಬೇಕು ಅಂತ ಆರಿಸುವ ವೈಟ್‌ಲಿಸ್ಟ್ ಟೀಮಿನವರೇ, ಜೊತೆಗೆ ಅಲ್ಲಿ ಆಡುವ ಕನ್ನಡದ ಗೆಳೆಯ ಗೆಳತಿಯರೇ,

ನಮಸ್ಕಾರ.

ಜಿಟಿಎ ಫೈವ್ ಅನ್ನುವ ಕಂಪ್ಯೂಟರ್ ಆಟದಲ್ಲಿ ನಾನು ಆಡುವ ಸಿಟಿಯಲ್ಲಿ, ಅಂದರೆ ಸರ್ವರ್‌ನಲ್ಲಿ, ಇತ್ತೀಚೆಗೆ ಒಬ್ಬ ಆಟಗಾರ್ತಿಗೆ ವಾರ್ನಿಂಗ್ ಬಿತ್ತು. ಅವರದು ಟೀ ಮಾರುವ ಹೆಂಗಸಿನ ಪಾತ್ರ. ತಳ್ಳುಗಾಡಿ ಇಟ್ಟುಕೊಂಡು, ಬಂದವರ ಹತ್ತಿರ ಹರಟುತ್ತಾ, ಊರಿನ ಸುದ್ದಿಯನ್ನೆಲ್ಲ ಕಿವಿಗೆ ಹಾಕಿಕೊಳ್ಳುವುದೇ ಅವರ ಆಟ. ಗ್ಯಾಂಗ್‌ನವರು ಒಬ್ಬರ ಹಿಂದೆ ಒಬ್ಬರು ಬಂದು ಗಾಡಿ ದೋಚಿದರು. ಬೇಸತ್ತು ಅವರು ಗಾಡಿಯನ್ನು ಆಸ್ಪತ್ರೆ ಮುಂದೆ ತಂದು ನಿಲ್ಲಿಸಿದರು. ಆಸ್ಪತ್ರೆ ಗ್ರೀನ್ ಝೋನ್, ಅಲ್ಲಿ ಗನ್ ತೆಗೆಯುವಂತಿಲ್ಲ. ಮಾರನೇ ದಿನ ಟಿಕೆಟ್, ಅಂದರೆ ದೂರಿನ ನೋಟೀಸು, ಬಂತು: ಗ್ರೀನ್ ಝೋನ್ ದುರ್ಬಳಕೆ, ಮೊದಲ ವಾರ್ನಿಂಗ್.

ದೋಚಿದವರಿಗೆ ಏನೂ ಆಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ, ಯಾಕೆಂದರೆ ಅವರು ಯಾವ ರೂಲನ್ನೂ ಮುರಿದಿರಲಿಲ್ಲ. ನನ್ನ ತಕರಾರು ಇರುವುದು ಅಲ್ಲೇ. ಎಲ್ಲರೂ ರೂಲ್ ಪ್ರಕಾರವೇ ಆಡಿದರು, ಒಬ್ಬರ ಆಟ ಮಾತ್ರ ಪೂರ್ತಿ ಹಾಳಾಯಿತು. ಸರ್ವರ್ ಹೆಸರು ಹೇಳುವುದಿಲ್ಲ. ಹೇಳಿದರೆ ಜಗಳ ಆ ಒಂದು ಸರ್ವರ್‌ದಾಗುತ್ತದೆ. ಇದು ನಾನು ಕಂಡ ಹೆಚ್ಚುಕಮ್ಮಿ ಎಲ್ಲ ಸಿಟಿಗಳ ಕತೆ.

ಈ ಲೋಕ ಗೊತ್ತಿಲ್ಲದವರಿಗೆ ಎರಡು ಮಾತು. ಜಿಟಿಎ ಫೈವ್ ಬಂದಿದ್ದು 2013ರಲ್ಲಿ. 2015ರಲ್ಲಿ ಕಂಪ್ಯೂಟರಿಗೂ ಬಂತು. ಫೈವ್‌ಎಂ ಅನ್ನುವ ಮಾಡ್ (ಆಟವನ್ನು ಬದಲಿಸುವ ಹೊರಗಿನ ಪ್ರೋಗ್ರಾಂ) ಹಾಕಿಕೊಂಡರೆ ಅದೇ ಲಾಸ್ ಸ್ಯಾಂಟೋಸ್ ಊರಿನಲ್ಲಿ ನಮ್ಮದೇ ಸರ್ವರ್, ನಮ್ಮದೇ ಕಾನೂನು. ಒಬ್ಬರು ಪೊಲೀಸ್, ಒಬ್ಬರು ಡಾಕ್ಟರ್, ಒಬ್ಬರು ಮೆಕ್ಯಾನಿಕ್, ಇನ್ನೊಬ್ಬರು ಕಳ್ಳ. ಮೈಕ್‌ನಲ್ಲಿ ಪಾತ್ರವಾಗಿಯೇ ಮಾತಾಡಬೇಕು. ಗೆಲುವು ಸೋಲು ಅಂತ ಏನಿಲ್ಲ, ಕತೆ ಮುಂದೆ ಹೋಗಬೇಕು ಅಷ್ಟೇ. ಹಾಗೆ ಆಡುವ ಸರ್ವರನ್ನೇ ನಾವು ಸಿಟಿ ಅನ್ನುತ್ತೇವೆ. 2015ರಲ್ಲಿ ಫೈವ್‌ಎಂ ಕಟ್ಟಿದವರ ಅಕೌಂಟುಗಳನ್ನು ರಾಕ್‌ಸ್ಟಾರ್ ಕಂಪನಿ ಬ್ಯಾನ್ ಮಾಡಿತ್ತು. 2023ರ ಆಗಸ್ಟ್‌ನಲ್ಲಿ ಅದೇ ಕಂಪನಿ ಆ ತಂಡವನ್ನೇ ತನ್ನೊಳಗೆ ಸೇರಿಸಿಕೊಂಡಿತು. ಆಟವನ್ನು ಹೀಗೂ ಆಡಬಹುದು ಅಂತ ಆಟ ಮಾಡಿದವರೇ ಒಪ್ಪಲು ಎಂಟು ವರ್ಷ ಬೇಕಾಯಿತು. ನಾವು ನಾವೇ ಒಪ್ಪಿಕೊಳ್ಳುವುದು ಇನ್ನೂ ಬಾಕಿ ಇದೆ.

ಮುಖ್ಯ ಮಾತಿಗೆ ಬರುತ್ತೇನೆ. ನಿಮ್ಮ ರೂಲ್ ಪುಸ್ತಕದಲ್ಲಿ ಫಿಯರ್ ಆರ್‌ಪಿ ಅಂತ ಒಂದು ರೂಲ್ ಇದೆ. ಆರ್‌ಪಿ ಅಂದರೆ ರೋಲ್‌ಪ್ಲೇ, ಪಾತ್ರವಾಗಿ ಆಡುವುದು. ಕೆಲವರು ಅದನ್ನೇ ವ್ಯಾಲ್ಯೂ ಆಫ್ ಲೈಫ್ ಅನ್ನುತ್ತಾರೆ. ಯಾರಾದರೂ ಗನ್ ತೋರಿಸಿದರೆ ನಿಮ್ಮ ಪಾತ್ರ ಪ್ರಾಣಕ್ಕೆ ಹೆದರಬೇಕು, ಹೇಳಿದ ಹಾಗೆ ಕೇಳಬೇಕು. ಈ ರೂಲ್ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಇಲ್ಲದಿದ್ದರೆ ಹಣೆಗೆ ಪಿಸ್ತೂಲು ಇಟ್ಟಾಗಲೂ ಎಲ್ಲರೂ ಸಿನಿಮಾ ಹೀರೋ ಥರ ಬಗ್ಗಿ ಒದೆಯಲು ಶುರು ಮಾಡುತ್ತಾರೆ.

ಆದರೆ ಇದರ ಭಾರ ಯಾರ ಮೇಲೆ ಬೀಳುತ್ತದೆ ಅಂತ ಒಂದ್ಸಲ ಲೆಕ್ಕ ಹಾಕಿ. ದೋಚಲು ಬಂದವನು "ಕೈ ಮೇಲೆತ್ತು" ಅಂದರೆ ಅವನ ಕೆಲಸ ಮುಗಿಯಿತು. ದೋಚಿಸಿಕೊಳ್ಳುವವಳು ತನ್ನ ಕತೆ ನಿಲ್ಲಿಸಬೇಕು, ಎದುರಿಗಿದ್ದ ಗಿರಾಕಿಯ ಜೊತೆಗಿನ ಮಾತು ತುಂಡು ಮಾಡಬೇಕು, ಫೋನು ದುಡ್ಡು ಎಲ್ಲ ಕೊಡಬೇಕು, ನೆಲಕ್ಕೆ ಕೂರಬೇಕು, ಹೆದರಿದ ದನಿಯಲ್ಲಿ ಅಭಿನಯಿಸಬೇಕು. ಸ್ವಲ್ಪ ತಮಾಷೆ ಮಾಡಿದರೆ ಫೇಲ್ ಆರ್‌ಪಿ, ಅಂದರೆ ಪಾತ್ರಕ್ಕೆ ತಕ್ಕ ಹಾಗೆ ಆಡಲಿಲ್ಲ ಅನ್ನುವ ತಪ್ಪು. ಓಡಿದರೆ ಫೇಲ್ ಆರ್‌ಪಿ. ಕೊನೆಗೆ ಗುಂಡು ಹಾರಿ ಸತ್ತರೆ ನ್ಯೂ ಲೈಫ್ ರೂಲ್ ಬೇರೆ: ಯಾರು ಹೊಡೆದರು, ಯಾಕೆ ಹೊಡೆದರು ಎಲ್ಲವನ್ನೂ ಮರೆಯಬೇಕು. ಮರೆತ ಮೇಲೆ ಪೊಲೀಸ್ ಸ್ಟೇಷನ್‌ಗೆ ಹೋಗಿ ಹೇಳಲು ಏನಿರುತ್ತದೆ? ಸೀನ್ ಅಲ್ಲಿಗೆ ಸತ್ತಿತು. ದುಡ್ಡು ಮಾತ್ರ ಅವನ ಜೇಬಿನಲ್ಲೇ ಇದೆ.

ಈ ಎರಡು ರೂಲ್‌ಗಳು ಗನ್ ಇರುವ ಇಬ್ಬರ ನಡುವೆ ಚೆನ್ನಾಗಿ ನಡೆಯುತ್ತವೆ. ಇವತ್ತು ನೀನು, ನಾಳೆ ನಾನು. ಗನ್ ಇರುವವನ ಮತ್ತು ಗನ್ ಬೇಡವೆಂದವಳ ನಡುವೆ ಇಟ್ಟರೆ ತಕ್ಕಡಿ ಒಂದೇ ಕಡೆ ವಾಲುತ್ತದೆ. ಅವಳಿಗೆ ನಾಳೆ ಅನ್ನುವುದೇ ಇಲ್ಲ, ಅವಳು ತಿರುಗಿ ಯಾರನ್ನೂ ದೋಚುವವಳಲ್ಲ.

ಇನ್ನೂ ಒಂದು ಇದೆ. ಇದನ್ನು ಯಾರೂ ಟಿಕೆಟ್‌ನಲ್ಲಿ ಬರೆಯುವುದಿಲ್ಲ. ಪ್ರಾಣಭಯ ದೋಚಿಸಿಕೊಳ್ಳುವವರಿಗೆ ಮಾತ್ರ ಯಾಕೆ? ಹಾಡಹಗಲಲ್ಲಿ, ಪೊಲೀಸ್ ಸ್ಟೇಷನ್‌ನಿಂದ ಎರಡು ಬೀದಿ ಆಚೆ, ಆರು ಜನ ಮುಖ ಕೂಡ ಮುಚ್ಚದೆ ರೈಫಲ್ ಹಿಡಿದು ಒಂದು ಟೀ ಗಾಡಿ ದೋಚುತ್ತಾರೆ. ಸಿಗುವ ದುಡ್ಡು ಅವರ ಕಾರಿನ ಪೆಟ್ರೋಲಿಗೂ ಸಾಲದು. ಜೈಲಿನ ಭಯ ಇರುವ ಯಾವ ಕಳ್ಳ ಹಾಗೆ ಮಾಡುತ್ತಾನೆ? ಅದೂ ಫೇಲ್ ಆರ್‌ಪಿ ಅಲ್ವಾ? ಆದರೆ ಅಂಥ ರಿಪೋರ್ಟ್ ನಿಲ್ಲುವುದನ್ನು ನಾನಂತೂ ನೋಡಿಲ್ಲ. ಯಾಕೆಂದರೆ ರಿಪೋರ್ಟ್ ಮಾಡಲು ಕ್ಲಿಪ್ ಬೇಕು. ಆಟ ಓಡಿಸುತ್ತಲೇ ರೆಕಾರ್ಡ್ ಮಾಡಲು ತಕ್ಕಮಟ್ಟಿನ ಗ್ರಾಫಿಕ್ಸ್ ಕಾರ್ಡ್ ಬೇಕು. ಹಳೇ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸೆಟ್ಟಿಂಗ್ ಲೋ ಇಟ್ಟುಕೊಂಡು ಆಡುವವರ ಹತ್ತಿರ ಕ್ಲಿಪ್ ಎಲ್ಲಿಂದ ಬರಬೇಕು? ನಿಮ್ಮ ಸಾಕ್ಷಿಯ ನಿಯಮವೇ ದೊಡ್ಡ ಪಿಸಿ ಇದ್ದವರ ಕಡೆ ನಿಂತಿದೆ. ಇದನ್ನು ನೀವು ಬೇಕಂತ ಮಾಡಿದ್ದಲ್ಲ, ಗೊತ್ತು. ಆದರೂ ಹಾಗೇ ಆಗಿದೆ.

ಸಿಟಿಯ ದುಡ್ಡಿನ ವ್ಯವಸ್ಥೆಯನ್ನೂ ನೋಡಿ. ತುಂಬಾ ಸರ್ವರ್‌ಗಳು ಇಎಸ್‌ಎಕ್ಸ್ ಅಥವಾ ಕ್ಯೂಬಿಕೋರ್ ಅನ್ನುವ ರೆಡಿಮೇಡ್ ಪ್ರೋಗ್ರಾಂ ಚೌಕಟ್ಟಿನ ಮೇಲೆ ನಿಂತಿವೆ. ಕ್ಯೂಬಿಕೋರ್ ತಂದು ಹಾಕಿದರೆ ಬ್ಯಾಂಕ್ ದರೋಡೆ, ಒಡವೆ ಅಂಗಡಿ ದರೋಡೆ, ಮನೆಗಳ್ಳತನ ಎಲ್ಲಕ್ಕೂ ರೆಡಿ ಸ್ಕ್ರಿಪ್ಟ್ ಸಿಗುತ್ತದೆ. ಟೋ ಟ್ರಕ್, ಟ್ಯಾಕ್ಸಿ, ಕಸದ ಲಾರಿ, ಹಾಟ್‌ಡಾಗ್ ಗಾಡಿಗೂ ಸ್ಕ್ರಿಪ್ಟ್ ಇದೆ, ಇಲ್ಲವೆಂದಲ್ಲ. ವ್ಯತ್ಯಾಸ ಎಲ್ಲಿದೆ ಗೊತ್ತಾ? ದರೋಡೆ ಶುರುವಾದರೆ ಪೊಲೀಸರಿಗೆ ಅಲಾರಂ ಹೋಗುತ್ತದೆ, ನಿಜವಾದ ಆಟಗಾರರು ಓಡಿ ಬರುತ್ತಾರೆ. ಹಾಟ್‌ಡಾಗ್ ಮಾರಿದರೆ ಕೊಳ್ಳಲು ಬರುವುದು ಕಂಪ್ಯೂಟರ್ ಓಡಿಸುವ ಬೊಂಬೆ. ಕಸದ ಲಾರಿ ಓಡಿಸುವವನು ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಹೋಗುತ್ತಾನೆ, ಮಾತಾಡಲು ಯಾರೂ ಇಲ್ಲ. ಅಂದರೆ ಗನ್ ಹಿಡಿದರೆ ಮನುಷ್ಯರು ಸಿಗುತ್ತಾರೆ, ಕೆಲಸ ಮಾಡಿದರೆ ಒಂಟಿ. ಇದರ ಮೇಲೆ ದರೋಡೆಗೆ ಸಿಗುವ ದುಡ್ಡೂ ಜಾಸ್ತಿ. ಆಮೇಲೆ ನೀವೇ "ನಮ್ಮ ಸಿಟಿಯಲ್ಲಿ ಸಿವಿಲಿಯನ್ ಆರ್‌ಪಿ ಮಾಡುವವರೇ ಇಲ್ಲ" ಅಂತ ಅನೌನ್ಸ್‌ಮೆಂಟ್ ಹಾಕುತ್ತೀರಿ!

ಇದು ನಮ್ಮ ಕಾಲದ ಹೊಸ ರೋಗ ಅಂತ ಅಂದುಕೊಳ್ಳಬೇಡಿ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಅನ್ನುವ ಹುಡುಗ ಮಡ್ ಅನ್ನುವ ಆಟ ಶುರು ಮಾಡಿದ. ಅವನ ಜೊತೆ ರಿಚರ್ಡ್ ಬಾರ್ಟಲ್ ಸೇರಿಕೊಂಡ. ಚಿತ್ರ ಇಲ್ಲ, ಬರೀ ಅಕ್ಷರ. ಆದರೂ ಒಂದೇ ಲೋಕದಲ್ಲಿ ಹಲವರು ಒಟ್ಟಿಗೆ ಓಡಾಡಬಹುದಿತ್ತು. ಅಂಥ ಒಂದು ಮಡ್‌ನ ಹಳೇ ಹುಲಿಗಳು 1989ರ ಕೊನೆಯಿಂದ ಸುಮಾರು ಆರು ತಿಂಗಳು ಒಂದೇ ಪ್ರಶ್ನೆ ಹಿಡಿದು ವಾದ ಮಾಡಿದರು: ಜನ ಇಲ್ಲಿಗೆ ಯಾಕೆ ಬರುತ್ತಾರೆ? ಬಾರ್ಟಲ್ ಆ ವಾದವನ್ನೆಲ್ಲ ಸೋಸಿ 1996ರಲ್ಲಿ ಬರೆದ. ಆಟಗಾರರಲ್ಲಿ ನಾಲ್ಕು ಜಾತಿ, ಇಸ್ಪೀಟೆಲೆಯ ನಾಲ್ಕು ಬಣ್ಣದ ಹಾಗೆ. ಸಾಧಿಸಲು ಬರುವವರು ಡೈಮಂಡ್. ಲೋಕದ ಮೂಲೆ ಮೂಲೆ ಹುಡುಕುವವರು ಇಸ್ಪೀಟ್. ಬೇರೆಯವರ ಜೊತೆ ಬೆರೆಯಲು ಬರುವವರು ಆಟೀನ್. ಬೇರೆಯವರ ಮೇಲೆ ಕೈ ಮಾಡಲು ಬರುವವರು ಕಳಾವರ್.

ನಾಲ್ಕು ಅನ್ನುವ ಲೆಕ್ಕ ನನಗೇನೂ ಅಷ್ಟು ಮುಖ್ಯ ಅನಿಸಿಲ್ಲ. ಒಬ್ಬನೇ ಮನುಷ್ಯ ಸೋಮವಾರ ಆಟೀನ್, ಶನಿವಾರ ಕಳಾವರ್ ಆಗಿರಬಹುದು. ಬಾರ್ಟಲ್‌ನ ಇನ್ನೊಂದು ಮಾತು ನಿಮಗೆ ಹೆಚ್ಚು ಬೇಕಾದದ್ದು. ಈ ಗುಂಪುಗಳು ಒಂದನ್ನೊಂದು ಎಳೆದಾಡುತ್ತವೆ. ಕೊಲ್ಲುವವರು ಜಾಸ್ತಿಯಾದರೆ ಹರಟೆಯವರು ಜಾಗ ಖಾಲಿ ಮಾಡುತ್ತಾರೆ. ಆದ್ದರಿಂದ ಲೋಕ ನಡೆಸುವವನು ಯಾವ ಕಡೆ ಎಷ್ಟು ಭಾರ ಹಾಕುತ್ತಿದ್ದೇನೆ ಅಂತ ಗೊತ್ತಿಟ್ಟುಕೊಂಡೇ ಹಾಕಬೇಕು. ಸುಮ್ನೆ ಬಿಟ್ಟರೆ ಸಮತೋಲ ತಾನಾಗೇ ಬರುವುದಿಲ್ಲ.

ಸುಮ್ನೆ ಬಿಟ್ಟು ನೋಡಿದವರೂ ಇದ್ದಾರೆ. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್‌ನಲ್ಲಿ ಊರಿನ ಕಾವಲು ದಾಟಿದರೆ ಯಾರು ಯಾರನ್ನು ಬೇಕಾದರೂ ಕೊಲ್ಲಬಹುದಿತ್ತು. ಬಟ್ಟೆ ಹೊಲಿಯುವ, ಬ್ರೆಡ್ ಸುಡುವ ಕೆಲಸಗಳೂ ಅದೇ ಆಟದಲ್ಲಿದ್ದವು. ಅದಿರು ಅಗೆಯಲು ಕಾಡಿಗೆ ಹೋದ ಹೊಸಬ ಹೆಣವಾಗಿ ಬೀಳುತ್ತಿದ್ದ. ಕಂಪನಿ ಏನೇನೋ ಶಿಕ್ಷೆ ತಂದು ನೋಡಿತು. ಕೊನೆಗೆ 2000ದಲ್ಲಿ ಇಡೀ ಲೋಕವನ್ನೇ ಎರಡು ಮಾಡಿತು. ಫೆಲುಕ್ಕ ಅನ್ನುವ ಕಡೆ ಹಳೇ ಕಾನೂನು. ಟ್ರಾಮೆಲ್ ಅನ್ನುವ ಕಡೆ ಒಪ್ಪಿಗೆ ಇಲ್ಲದೆ ಯಾರ ಮೇಲೂ ಕೈ ಎತ್ತುವಂತಿಲ್ಲ. ಜನ ಬಹುಪಾಲು ಟ್ರಾಮೆಲ್‌ಗೆ ಗಂಟುಮೂಟೆ ಕಟ್ಟಿದರು. ಆಟವೂ ಬೆಳೆಯಿತು. ಆದರೆ ಅಂದಿನ ಕೆಲವು ಆಟಗಾರರು ಇವತ್ತಿಗೂ ಹಲುಬುತ್ತಾರೆ: ಭಯ ಹೋಯಿತು, ಭಯದ ಜೊತೆ ರುಚಿಯೂ ಹೋಯಿತು ಅಂತ.

ನನಗೆ ಆ ಹಲುಬುವಿಕೆ ಅರ್ಥವಾಗುತ್ತದೆ. ಅದಕ್ಕೇ ಗೋಡೆ ಕಟ್ಟಿ ಅಂತ ನಾನು ಕೇಳುತ್ತಿಲ್ಲ. ಕಳ್ಳರಿಲ್ಲದ ಸಿಟಿಯಲ್ಲಿ ಪೊಲೀಸ್ ಏನು ಮಾಡಬೇಕು, ಗುಂಡೇಟು ಬೀಳದ ಊರಿನಲ್ಲಿ ಡಾಕ್ಟರ್ ಯಾರಿಗೆ ಹೊಲಿಗೆ ಹಾಕಬೇಕು? ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2018ರಲ್ಲಿ ಇನ್ನೊಂದು ದಾರಿ ಹಿಡಿಯಿತು. ವಾರ್ ಮೋಡ್ ಅನ್ನುವ ಸ್ವಿಚ್ ಇಟ್ಟಿತು. ಕಾದಾಟ ಬೇಕಾದವರು ಊರಿನಲ್ಲಿದ್ದಾಗ ಹಾಕಿಕೊಂಡು ಹೊರಡಬೇಕು, ಬೇಡದವರು ಬಿಡಬಹುದು. ಆ ಆಟಕ್ಕೆ ಅದು ಸರಿ ಹೋಯಿತು. ನಮ್ಮಂಥ ಸಿಟಿಗೆ ಸ್ವಿಚ್ ಕೂಡ ಒಗ್ಗುವುದಿಲ್ಲ. ಒಂದೇ ಬೀದಿಯಲ್ಲಿ ಒಬ್ಬನಿಗೆ ಗುಂಡು ತಗಲುತ್ತದೆ, ಪಕ್ಕದವನಿಗೆ ತಗಲುವುದಿಲ್ಲ ಅಂದರೆ ಕತೆಯೇ ನಗೆಪಾಟಲು. ನಮಗೆ ಬೇಕಾಗಿರುವುದು ಬೇರೆ. ದೋಚಿಸಿಕೊಳ್ಳುವವರಿಗೂ ಆ ಸೀನ್‌ನಲ್ಲಿ ಪಾತ್ರ ಇರಬೇಕು.

ಇದನ್ನು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಕರಾವಳಿ ಮಲೆನಾಡಿನವರು ತಾಳಮದ್ದಳೆ ಕೇಳಿ ಬೆಳೆದವರು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೆದುಕೊಟ್ಟ ಡೈಲಾಗ್ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತು ಕಟ್ಟುತ್ತಾರೆ. ಮೈಕ್ ಹಿಡಿದು ನಾವು ಮಾಡುವುದೂ ಹೆಚ್ಚುಕಡಿಮೆ ಅದೇ. ವಾಲಿವಧೆ ಪ್ರಸಂಗ ತಗೊಳ್ಳಿ. ವಾಲಿ ಸಾಯುತ್ತಾನೆ, ಅದರಲ್ಲಿ ಬದಲಾವಣೆ ಇಲ್ಲ. ಬಾಣ ಬಿಟ್ಟ ರಾಮ ಗೆಲ್ಲುತ್ತಾನೆ. ಆದರೆ ಬಾಣ ತಗುಲಿದ ಮೇಲೇ ವಾಲಿಯ ಮಾತು ಶುರು. ಮರೆಯಲ್ಲಿ ನಿಂತು ಯಾಕೆ ಹೊಡೆದೆ, ನಿನಗೆ ನನ್ನ ಮೇಲೆ ಏನು ಹಗೆ ಅಂತ ಕೇಳಿ ಕೇಳಿ ರಾಮನ ಬೆವರಿಳಿಸುತ್ತಾನೆ. ರಾಮ ಕೂತು ಉತ್ತರ ಕೊಡಬೇಕು, ಎದ್ದು ಹೋಗುವಂತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ಹಿರಿಯರು ಆ ಮಾತುಗಳನ್ನು ಇವತ್ತಿಗೂ ನೆನೆಯುತ್ತಾರೆ. ಬಿದ್ದವನಿಗೆ ಅಷ್ಟು ಮಾತು! ನಮ್ಮ ಸಿಟಿಯಲ್ಲಿ ಬಿದ್ದವನಿಗೆ ಸಿಗುವ ಮಾತು "ಬಾಯ್ಮುಚ್ಚು, ಇಲ್ದಿದ್ರೆ ಶೂಟ್ ಮಾಡ್ತೀನಿ" ಅಷ್ಟೇ.

ಗ್ಯಾಂಗ್‌ನವರಿಗೂ ಒಂದು ಮಾತು ಹೇಳಬೇಕು, ಯಾಕೆಂದರೆ ಇಷ್ಟು ಓದಿ ಅವರಿಗೆ ಸಿಟ್ಟು ಬಂದಿರಬಹುದು. ನಾನು ಟೋ ಟ್ರಕ್ ಓಡಿಸುವವನು. ಕೆಟ್ಟು ನಿಂತ ಕಾರು ಎಳೆದು, ಮಾಲೀಕನ ಸಂಸಾರದ ಗೋಳು ಕೇಳುವುದು ನನ್ನ ಸುಖ. ನನ್ನಂಥವರಲ್ಲಿ ಒಂದು ಕೆಟ್ಟ ಚಾಳಿ ಇದೆ. ಗುಂಡು ಹಾರಿಸುವವರನ್ನು ಕಂಡರೆ "ಇವ್ರಿಗೆ ಆರ್‌ಪಿ ಬರಲ್ಲ, ಬರೀ ಗುಂಡು ಹಾರಿಸೋ ಎಫ್‌ಪಿಎಸ್ ಆಟ ಆಡೋರು" ಅಂತ ಮೂಗು ಮುರಿಯುವುದು. ಇದು ಸುಳ್ಳು. ಒಂದು ಒಳ್ಳೇ ಬ್ಯಾಂಕ್ ದರೋಡೆಗೆ ಎಷ್ಟು ತಯಾರಿ ಬೇಕು ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತು. ಒತ್ತೆಯಾಳಿನ ಜೊತೆ ತಮಾಷೆ ಮಾಡುತ್ತಾ, ಪೊಲೀಸ್ ಸಂಧಾನಕಾರನ ಜೊತೆ ಚೌಕಾಸಿ ಮಾಡುತ್ತಾ, ಹೊರಗೆ ಕಾರು ಸಿದ್ಧ ಇಟ್ಟುಕೊಂಡು, ಕೊನೆಗೆ ಸಿಕ್ಕಿಬಿದ್ದು ಕೋರ್ಟಿನಲ್ಲಿ ನಗುತ್ತಾ ನಿಲ್ಲುವ ಗ್ಯಾಂಗ್ ಇದ್ದರೆ ಇಡೀ ಸಿಟಿಗೆ ಒಂದು ವಾರದ ಮಾತು ಸಿಗುತ್ತದೆ. ಬರೀ ಗುರಿ ಚೆನ್ನಾಗಿದೆ, ಕಾರು ಓಡಿಸುವುದು ಚೆನ್ನಾಗಿದೆ ಅನ್ನುವ ಹುಡುಗನಿಗೂ ಜಾಗ ಬೇಕು. ದಿನವಿಡೀ ಆಫೀಸಿನಲ್ಲಿ ಬೈಸಿಕೊಂಡು ಬಂದವನಿಗೆ ರಾತ್ರಿ ಪೊಲೀಸ್ ಬೆನ್ನಟ್ಟಿದಾಗ ಆಗುವ ಖುಷಿ ಕಮ್ಮಿ ಖುಷಿಯೇನಲ್ಲ. ಅವನ ಪಾತ್ರಕ್ಕೆ ಮೂರು ಪುಟದ ಹಿನ್ನೆಲೆ ಕತೆ ಇಲ್ಲ ಅಂತ ವೈಟ್‌ಲಿಸ್ಟ್ ಕೊಡದೆ ಕಳಿಸುವುದೂ ಅಷ್ಟೇ ತಪ್ಪು.

ಹಾಗಾಗಿ ಫೇಲ್ ಆರ್‌ಪಿ ಅನ್ನುವುದನ್ನು ಬೈಗುಳದ ಥರ ಬಳಸುವುದು ಎರಡೂ ಕಡೆ ನಿಲ್ಲಲಿ. ಮೆಟಾಗೇಮಿಂಗ್ ಮಾಡುವುದು (ಪಾತ್ರಕ್ಕೆ ಗೊತ್ತಿರದ, ಆಟದ ಹೊರಗೆ ತಿಳಿದ ಸಂಗತಿ ಬಳಸುವುದು), ಸುಮ್ನೆ ಕಾರು ಹತ್ತಿಸಿ ಕೊಲ್ಲುವುದು, ಸೀನ್ ಮಧ್ಯೆ ಆಟ ಬಂದ್ ಮಾಡಿ ಓಡಿಹೋಗುವುದು, ಇವು ತಪ್ಪು. ಇವಕ್ಕೆ ಬ್ಯಾನ್ ಇರಲಿ. ನಿಧಾನ ಆಡುವುದು, ಜೋರು ಆಡುವುದು, ಕಮ್ಮಿ ಮಾತಾಡುವುದು, ತಮಾಷೆ ಮಾಡುವುದು, ವಾರಕ್ಕೊಮ್ಮೆ ಮಾತ್ರ ಬರುವುದು, ಇವು ಅವರವರ ರೀತಿ. ಮೊದಲನೆಯದಕ್ಕೆ ಮಾಡಿದ ರೂಲನ್ನು ಎರಡನೆಯದರ ಮೇಲೆ ಬಳಸಬೇಡಿ. ನನ್ನ ಇಡೀ ಪತ್ರದ ಬೇಡಿಕೆ ಇಷ್ಟೇ, ಉಳಿದದ್ದೆಲ್ಲ ಅದರ ವಿವರ.

ವಿವರಕ್ಕೆ ಬಂದರೆ ಮೊದಲು ಮೈಕ್. ಕೆಲವು ಸಿಟಿಗಳಲ್ಲಿ ಮೈಕ್ ಇಲ್ಲದೆ ಆಡುವಂತಿಲ್ಲ. ಸ್ಲ್ಯಾಶ್ ಮೀ ಅಂತ ಟೈಪ್ ಮಾಡಿ "ಜೇಬಿನಿಂದ ಒದ್ದೆ ಕರವಸ್ತ್ರ ತೆಗೆಯುತ್ತಾನೆ" ಅಂತ ಬರೆದರೆ ತಲೆ ಮೇಲೆ ಆ ಸಾಲು ಕಾಣಿಸುತ್ತದೆ. ನಲವತ್ತು ವರ್ಷದ ಹಿಂದಿನ ಅಕ್ಷರದ ಆಟಗಳ ಕಾಲದವರೂ ಹೀಗೇ ಆಡಿದ್ದು. ಉಗ್ಗು ಇರುವವರು, ಕಿವಿ ಕೇಳದವರು, ಹಾಸ್ಟೆಲ್ ರೂಮಿನಲ್ಲಿ ಮೂರು ಜನ ಮಲಗಿರುವಾಗ ಆಡುವವರು, ಮಗು ಮಲಗಿಸಿ ಬಂದು ಕೂತ ತಾಯಿ, ಇವರೆಲ್ಲ ಅಕ್ಷರದಲ್ಲೇ ಆಡಲಿ ಬಿಡಿ. ಪೊಲೀಸ್ ರೇಡಿಯೋಗೆ, ಆಂಬುಲೆನ್ಸ್‌ಗೆ ಮೈಕ್ ಬೇಕು, ಒಪ್ಪುತ್ತೇನೆ. ಟೀ ಕುಡಿಯಲು ಯಾಕೆ?

ಆಮೇಲೆ ಭಾಷೆ. ಭಾರತದ ದೊಡ್ಡ ಸಿಟಿಗಳಲ್ಲಿ ಹಿಂದಿಯೇ ಜಾಸ್ತಿ. ಕನ್ನಡದವರು ಹಿಂದಿಯಲ್ಲಿ ಪಾತ್ರ ಆಡಿದರೆ ಉಚ್ಚಾರಣೆ ಹಿಡಿದು ಆಡಿಕೊಳ್ಳುತ್ತಾರೆ. ಇಬ್ಬರು ಕನ್ನಡದವರು ಸಿಕ್ಕಿ ಕನ್ನಡ ಮಾತಾಡಿದರೆ "ಎಲ್ಲರಿಗೂ ಅರ್ಥ ಆಗುವ ಭಾಷೆ ಮಾತಾಡಿ" ಅಂತ ಮಾಡರೇಟರ್ ಬರುತ್ತಾರೆ. ಮಾಡರೇಟರ್ ಕಷ್ಟ ನನಗೂ ಗೊತ್ತು. ಅರ್ಥವಾಗದ ಭಾಷೆಯಲ್ಲಿ ಬೈದರೆ ಅವರು ಹೇಗೆ ಹಿಡಿಯಬೇಕು? ಆದರೆ ಬೆಂಗಳೂರಿನ ಯಾವ ಬೀದಿಯಲ್ಲಿ ಒಂದೇ ಭಾಷೆ ಇದೆ ಹೇಳಿ. ಕನ್ನಡ, ತಮಿಳು, ತೆಲುಗು, ಉರ್ದು ಎಲ್ಲ ಕಿವಿಗೆ ಬೀಳುವ ಊರೇ ನಿಜವಾದ ಊರು. ರೇಡಿಯೋಗೆ ಒಂದು ಭಾಷೆ ಇಡಿ, ಬೀದಿಯನ್ನು ಬಿಡಿ. ಕನ್ನಡದವರೇ ನಡೆಸುವ ಸರ್ವರ್‌ಗಳಿಗೂ ಇದನ್ನೇ ಹೇಳುತ್ತೇನೆ. ಧಾರವಾಡದವರು ಬಾಯಿ ತೆಗೆದ ಕೂಡಲೇ ನಗುವುದು, ಮಂಗಳೂರಿನವರು "ಮಾರಾಯ" ಅಂದರೆ ಕಾಮಿಡಿ ಪಾತ್ರ ಅಂದುಕೊಳ್ಳುವುದು ನಮ್ಮಲ್ಲೂ ಇದೆ. ಆ ಮನುಷ್ಯ ಗಂಭೀರವಾಗಿ ಡಾಕ್ಟರ್ ಪಾತ್ರ ಮಾಡುತ್ತಿರಬಹುದು, ಸ್ವಾಮಿ.

ಹೊತ್ತಿನ ವಿಷಯ ಬೇಗ ಮುಗಿಸುತ್ತೇನೆ. ಇಷ್ಟು ದಿನ ಬರದಿದ್ದರೆ ವೈಟ್‌ಲಿಸ್ಟ್ ರದ್ದು ಅನ್ನುವ ರೂಲ್ ಶಿಫ್ಟ್ ಕೆಲಸದವರಿಗೂ, ಹೊರದೇಶದಲ್ಲಿರುವ ನಮ್ಮವರಿಗೂ ಹೊಡೆತ. ನಮ್ಮ ರಾತ್ರಿ ಹತ್ತು ಗಂಟೆಗೆ ಅಮೆರಿಕದಲ್ಲಿ ಇನ್ನೂ ಹಗಲು, ಆಫೀಸ್ ಹೊತ್ತು. ಬಂದಾಗ ಚೆನ್ನಾಗಿ ಆಡುತ್ತಾರಾ ನೋಡಿ, ಸಾಕು.

ಇನ್ನೊಂದು ವಿಷಯ ಬೇಗ ಮುಗಿಸುವಂಥದ್ದಲ್ಲ. ಹೆಣ್ಣು ದನಿ ಕೇಳಿದ ಕೂಡಲೇ ಸುತ್ತ ನಾಲ್ಕು ಕಾರು ನಿಲ್ಲುತ್ತವೆ. ಆಕೆ ಪೊಲೀಸ್ ಆಗಿರಲಿ, ಮೆಕ್ಯಾನಿಕ್ ಆಗಿರಲಿ, ಪ್ರೇಮದ ಸೀನ್ ಶುರು. ಬೇಡ ಅಂದರೆ "ಇದು ಐಸಿ, ನನ್ನ ಪಾತ್ರ ಹಾಗೇ" ಅನ್ನುತ್ತಾರೆ. ಐಸಿ ಅಂದರೆ ಇನ್ ಕ್ಯಾರೆಕ್ಟರ್, ಪಾತ್ರದ ಒಳಗಿನ ಮಾತು. ಪಾತ್ರದ ಬಾಯಲ್ಲಿ ಆಡಿದ ಮಾತು ಕೇಳುವುದು ನಿಜವಾದ ಕಿವಿಗೇ. ಇದೂ ಹಳೇ ಕತೆ. ಪವೆಲ್ ಕರ್ಟಿಸ್ ಕಟ್ಟಿದ ಲ್ಯಾಂಬ್ಡಾಮೂ ಅನ್ನುವ ಅಕ್ಷರದ ಲೋಕದಲ್ಲಿ 1990ರ ದಶಕದ ಶುರುವಿನಲ್ಲಿ ಒಬ್ಬ ಒಂದು ಪ್ರೋಗ್ರಾಂ ಬಳಸಿ ಬೇರೆಯವರ ಪಾತ್ರಗಳು ಅಸಹ್ಯ ಕೆಲಸ ಮಾಡುತ್ತಿವೆ ಅಂತ ಅಲ್ಲಿದ್ದ ಎಲ್ಲರ ಪರದೆ ಮೇಲೆ ಬರೆಸಿದ. ಬರೀ ಅಕ್ಷರ ತಾನೇ ಅಂತ ಆಗಲೂ ಕೆಲವರು ಅಂದರು. ಆ ಪಾತ್ರಗಳ ಹಿಂದಿದ್ದವರಿಗೆ ಆದ ನೋವು ನಿಜದ್ದೇ ಆಗಿತ್ತು. ಊರಿನವರು ಸೇರಿ ಚರ್ಚೆ ಮಾಡಿದರು, ಕೊನೆಗೆ ಒಬ್ಬ ನಿರ್ವಾಹಕ ಅವನನ್ನು ಅಳಿಸಿಹಾಕಿದ. ಅಷ್ಟಕ್ಕೇ ಬಿಡದೆ ಕರ್ಟಿಸ್ ಇಡೀ ಲೋಕಕ್ಕೆ ಮನವಿ ಕೊಡುವ, ಮತ ಹಾಕುವ ವ್ಯವಸ್ಥೆ ತಂದ. ಎಲ್ಲರ ಆಟದ ರೀತಿಗೂ ಗೌರವ ಕೊಡಿ ಅಂತ ನಾನು ಕೇಳುವಾಗ ಇದನ್ನು ಅದರೊಳಗೆ ಸೇರಿಸುತ್ತಿಲ್ಲ. ಎದುರಿಗಿರುವವರು ಬೇಡ ಅಂದ ಮೇಲೂ ಮುಂದುವರಿಸುವುದು ಯಾವ ರೀತಿಯೂ ಅಲ್ಲ. ಪಾತ್ರದಿಂದ ಹೊರಗೆ ಬಂದು "ಇದು ಬೇಡ" ಅನ್ನಲು ಒಂದು ಕಮಾಂಡ್ ಇಡಿ. ಒತ್ತಿದರೆ ಸೀನ್ ಅಲ್ಲೇ ನಿಲ್ಲಬೇಕು, ಯಾಕೆ ಅಂತ ಯಾರೂ ಕೇಳಬಾರದು. ಮೇಜಿನ ಮೇಲೆ ದಾಳ ಉರುಳಿಸಿ ಆಡುವವರು ಇದಕ್ಕೆ ಎಕ್ಸ್ ಅಂತ ಬರೆದ ಒಂದು ಕಾರ್ಡ್ ಇಟ್ಟುಕೊಂಡು ಎಷ್ಟೋ ವರ್ಷ ಆಯಿತು. ಅದರಿಂದ ಅವರ ಆಟವೇನೂ ಕೆಟ್ಟಿಲ್ಲ.

ಇನ್ನು ನೀವು ಈ ತಿಂಗಳೇ ಮಾಡಬಹುದಾದ ಕೆಲಸ. ಒಂಟಿಯಾಗಿ ಕೆಲಸ ಮಾಡುವವರನ್ನು ಒಮ್ಮೆ ದೋಚಿದರೆ ಆ ದಿನಕ್ಕೆ ಅವರನ್ನು ಬೇರೆ ಯಾರೂ ಮುಟ್ಟಬಾರದು ಅಂತ ಮಾಡಿ. ಬ್ಯಾಂಕಿಗೆ ಕೂಲ್‌ಡೌನ್ ಇಟ್ಟಿದ್ದೀರಿ, ಕಲ್ಲಿನ ಕಟ್ಟಡಕ್ಕೆ ಇರುವ ಬಿಡುವು ಮನುಷ್ಯರಿಗೂ ಸಿಗಲಿ. ದೋಚುವವರು ಏನಾದರೂ ಸುಳಿವು ಬಿಟ್ಟು ಹೋಗಬೇಕು: ಒಂದು ಹೆಸರು, ಒಂದು ಬೆದರಿಕೆ, ತೀರಿಸಬೇಕಾದ ಒಂದು ಸಾಲ, ಏನಾದರೂ. ಆಗ ದೋಚಿಸಿಕೊಂಡವರ ಕೈಯಲ್ಲಿ ಮುಂದಿನ ಸೀನ್‌ಗೆ ಒಂದು ಎಳೆ ಉಳಿಯುತ್ತದೆ. ಸತ್ತರೆ ಎಲ್ಲ ಮರೆಯಬೇಕು ಅನ್ನುವ ರೂಲನ್ನು ಗ್ಯಾಂಗ್ ಜಗಳಕ್ಕೆ ಇಟ್ಟುಕೊಳ್ಳಿ, ನಿರಾಯುಧರಿಗೆ ಸಡಿಲ ಮಾಡಿ. ಟೋ ಟ್ರಕ್ಕಿಗೆ ಬೊಂಬೆಗಳ ಕಾರು ಎಳೆಸುವ ಬದಲು ಪೊಲೀಸರು ಹಿಡಿದ ಕಾರು ಎಳೆಸಿ. ಗ್ಯಾಂಗ್ ಮೀಟಿಂಗ್ ನಡೆಯುವ ಗೋದಾಮಿಗೆ ಊಟ ತಲುಪಿಸುವವರು ಬೇಕಾಗಲಿ. ಸ್ಕ್ರಿಪ್ಟ್‌ಗೆ ದೊಡ್ಡ ಖರ್ಚೇನೂ ಇಲ್ಲ, ಯಾರಾದರೂ ಕೂತು ಯೋಚಿಸಬೇಕು ಅಷ್ಟೇ. ರಿಪೋರ್ಟ್‌ಗೆ ಕ್ಲಿಪ್ ಇಲ್ಲದಿದ್ದರೆ ಸರ್ವರ್ ಲಾಗ್ ನೋಡಿ. ಯಾರು ಎಲ್ಲಿ ಯಾರಿಂದ ಏನು ತಗೊಂಡರು ಅನ್ನುವುದು ಬರೆದಿಡುವ ಹಾಗೆ ಮಾಡಿದರೆ ಅದು ಅಲ್ಲೇ ಇರುತ್ತದೆ.

ಆಟಗಾರರಿಗೆ ನನ್ನದು ಸಣ್ಣ ಕೋರಿಕೆ. ದೋಚಿ ಮುಗಿದ ಮೇಲೆ ಎದುರಿನವರಿಗೆ ಪಾತ್ರದ ಹೊರಗೆ ಒಂದು ಮೆಸೇಜ್ ಹಾಕಿ: "ಸೀನ್ ಓಕೆನಾ? ಮುಂದುವರಿಸೋಣವಾ?" ಕೆಲವು ಗ್ಯಾಂಗ್‌ಗಳು ಇದನ್ನು ಈಗಾಗಲೇ ಮಾಡುತ್ತವೆ. ಅವರ ಹೆಸರು ಸಿಟಿಯಲ್ಲಿ ಚೆನ್ನಾಗಿದೆ, ಅವರು ಬಂದರೆ ಜನ ಓಡಿಹೋಗುವುದಿಲ್ಲ.

ಕೊನೆಗೆ ವೈಟ್‌ಲಿಸ್ಟ್ ಟೀಮಿಗೆ. ನಿಮ್ಮ ಫಾರಂನಲ್ಲಿ ಆರ್‌ಡಿಎಂ (ಕಾರಣವಿಲ್ಲದೆ ಕೊಲ್ಲುವುದು) ಅಂದರೇನು, ಪವರ್‌ಗೇಮಿಂಗ್ (ಎದುರಿನವರಿಗೆ ಅವಕಾಶ ಕೊಡದೆ ತನ್ನದೇ ನಡೆಸುವುದು) ಅಂದರೇನು ಅಂತ ಕೇಳುತ್ತೀರಿ. ಎಲ್ಲರೂ ಯಾವುದೋ ವಿಡಿಯೋ ನೋಡಿ ಅದೇ ಉತ್ತರ ಕಾಪಿ ಹೊಡೆಯುತ್ತಾರೆ. ಅದರ ಬದಲು ಎರಡು ಪ್ರಶ್ನೆ ಇಡಿ. ನಿಮಗೆ ಯಾವ ಥರ ಆಡಿದರೆ ಖುಷಿ? ನಿಮಗೆ ಒಂಚೂರೂ ಇಷ್ಟವಿಲ್ಲದ ಥರ ಆಡುವವರು ಎದುರಾದರೆ ಆ ಸೀನನ್ನು ಅವರಿಗೂ ಖುಷಿಯಾಗುವ ಹಾಗೆ ಹೇಗೆ ನಡೆಸುತ್ತೀರಿ? ಮೊದಲನೆಯದಕ್ಕೆ ಬಂದ ಉತ್ತರಗಳನ್ನು ಎಣಿಸಿ, ಸಿಟಿಯಲ್ಲಿ ಯಾವ ಥರದವರು ಎಷ್ಟಿದ್ದಾರೆ ಅಂತ ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಕಾಣುವಂತೆ ಹಾಕಿ. ಮುಂದಿನ ಅಪ್‌ಡೇಟ್‌ನಲ್ಲಿ ಇನ್ನೊಂದು ಬ್ಯಾಂಕ್ ಬೇಕಾ, ಒಂದು ಬಸ್ ಸ್ಟ್ಯಾಂಡ್ ಬೇಕಾ ಅನ್ನುವುದನ್ನು ಆ ಲೆಕ್ಕ ನೋಡಿ ತೀರ್ಮಾನ ಮಾಡೋಣ.

ಇಂತಿ,
ಟೋ ಟ್ರಕ್ ಓಡಿಸುವ ಒಬ್ಬ ಕನ್ನಡಿಗ